ಕೊನೇ ಹತ್ತು ಸೆಕೆಂಡು: ಆನ್‌ಲೈನ್ ಹರಾಜಿಗೆ ಹೊಸದಾಗಿ ಇಳಿಯುವವರಿಗೆ

ಶಿವಮೊಗ್ಗದ ಎಪಿಎಂಸಿಗೆ ಅಡಿಕೆ ಹಾಕುವವರಿಗೆ ಹರಾಜೆಂದರೇನು ಎಂದು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮಂಡಿಯಲ್ಲಿ ರಾಶಿಯೋ ಬೆಟ್ಟೆಯೋ ಗೊರಬಲೋ, ಒಂದಲ್ಲ ಒಂದು ಬಗೆಯ ಅಡಿಕೆ ಲಾಟು ಲಾಟಾಗಿ ಬಿದ್ದಿರುತ್ತದೆ. ಖರೀದಿದಾರರು ಬಂದು ಕೈಹಾಕಿ ನೋಡಿ, ತಮ್ಮ ದರವನ್ನು ಕಂಪ್ಯೂಟರಿಗೆ ಹಾಕುತ್ತಾರೆ. ಟೆಂಡರ್ ತೆರೆಯುವವರೆಗೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಅದೇ ಊರಿನ ದೇವಸ್ಥಾನದಲ್ಲಿ ಹರಕೆಯ ಬಾಳೆಗೊನೆ ಸವಾಲಿಗೆ ಬಂದರೆ ಎಲ್ಲವೂ ಬಾಯಲ್ಲೇ ನಡೆಯುತ್ತದೆ. ಒಂದು ಸಾರಿ, ಎರಡು ಸಾರಿ ಎನ್ನುವಷ್ಟರಲ್ಲಿ ಹಿಂದಿನಿಂದ ಯಾರಾದರೂ ನೂರು ರೂಪಾಯಿ ಏರಿಸಿದರೆ ಎಣಿಕೆ ಮತ್ತೆ ಒಂದರಿಂದ.

ಈ ಎರಡರಲ್ಲೂ ಕೊನೇ ಕ್ಷಣಕ್ಕೆ ವಿಶೇಷ ಬೆಲೆಯಿಲ್ಲ. ಟೆಂಡರಿನಲ್ಲಿ ಬೆಳಿಗ್ಗೆ ಬರೆದರೂ ಮುಚ್ಚುವ ಹೊತ್ತಿಗೆ ಬರೆದರೂ ಎದುರಾಳಿಗೆ ಕಾಣದು. ಸವಾಲಿನಲ್ಲಿ ಕೂಗು ನಿಲ್ಲುವ ತನಕ ಹರಾಜೇ ಮುಗಿಯದು. 1995ರಲ್ಲಿ ಪಿಯರ್ ಒಮಿಡ್ಯಾರ್ ಅಮೆರಿಕದಲ್ಲಿ ಆಕ್ಷನ್‌ವೆಬ್ ಎಂಬ ಹೆಸರಿನಲ್ಲಿ ಶುರುಮಾಡಿದ, ಆಮೇಲೆ ಈಬೇ ಆದ ತಾಣ ಮೂರನೆಯ ಬಗೆಯದು. ಅಲ್ಲಿ ಬೆಲೆ ಎಲ್ಲರಿಗೂ ಕಾಣುತ್ತದೆ, ಗಡಿಯಾರ ಮಾತ್ರ ಯಾರಿಗೂ ಕಾಯುವುದಿಲ್ಲ. ಎಣಿಕೆ ಸೊನ್ನೆಗೆ ಬಂದಾಗ ಮುಂದಿದ್ದವರಿಗೆ ವಸ್ತು. ಬೆಲೆ ಬಯಲಿಗಿದ್ದು ಮುಕ್ತಾಯದ ಹೊತ್ತು ಗಟ್ಟಿಯಾಗಿರುವ ಇಂಥ ಕಡೆ ಮಾತ್ರ ಕೊನೇ ಕ್ಷಣದ ಬಿಡ್ಡಿಗೆ, ಅಲ್ಲಿನವರು ಸ್ನೈಪಿಂಗ್ ಎನ್ನುವ ತಂತ್ರಕ್ಕೆ, ಅರ್ಥವಿದೆ. ಹಾಗಾಗಿ ಹೊಸಬರು ಬೆರಳಿನ ವೇಗ ಕಲಿಯುವುದಕ್ಕೆ ಮೊದಲು ನೋಡಬೇಕಾದ್ದು, ತಾವು ಇಳಿದಿರುವ ಹರಾಜು ಮುಗಿಯುವುದು ಹೇಗೆ ಎಂಬುದನ್ನು.

ಈಬೇಯ ಭಾರತದ ತಾಣ ಈಗಿಲ್ಲ. 2004ರಲ್ಲಿ ಬಾಝೀ ಎಂಬ ಇಲ್ಲಿನ ಹರಾಜು ತಾಣವನ್ನು ಕೊಂಡು ಅದು ನಮ್ಮಲ್ಲಿಗೆ ಬಂತು; 2017ರಲ್ಲಿ ಫ್ಲಿಪ್‌ಕಾರ್ಟ್ ಕೈಗೆ ಹೋಗಿ, 2018ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಅಮೆರಿಕದ, ಬ್ರಿಟನ್ನಿನ ತಾಣಗಳಲ್ಲಿ ಇಲ್ಲಿಂದಲೇ ಖಾತೆ ತೆರೆದು ಬಿಡ್ ಹಾಕಲು ಅಡ್ಡಿಯಿಲ್ಲ. ಹಳೇ ಕ್ಯಾಮೆರಾ ಲೆನ್ಸು, ಅಂಚೆಚೀಟಿ, ಫೌಂಟನ್ ಪೆನ್ನು, ನಿಂತುಹೋದ ರೇಡಿಯೋದ ಬಿಡಿಭಾಗ, ಇಂಥವನ್ನು ಹುಡುಕುವವರಿಗೆ ಇವತ್ತಿಗೂ ದೊಡ್ಡ ಸಂತೆ ಅದೇ.

ಈಬೇಯಲ್ಲಿ ನೀವು ಹಾಕುವ ಮೊತ್ತ ಬಿಡ್ಡಲ್ಲ, ಮಿತಿ. ಇದು ತಲೆಗೆ ಹೋಗದಿದ್ದರೆ ಮುಂದಿನದ್ದೇನೂ ಹೋಗುವುದಿಲ್ಲ. ನೀವು 60 ಡಾಲರ್ ಎಂದು ಹಾಕಿದರೆ ಬೆಲೆ ನೇರ 60ಕ್ಕೆ ಏರುವುದಿಲ್ಲ. ಎರಡನೆಯವರನ್ನು ಹಿಂದಿಕ್ಕಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಯಂತ್ರ ನಿಮ್ಮ ಪರವಾಗಿ ಏರಿಸುತ್ತದೆ. ಗೆದ್ದವರು ಕೊಡುವುದು ಎರಡನೆಯವರ ಮಿತಿಗೆ ಒಂದು ಹೆಜ್ಜೆ ಸೇರಿಸಿದ ಮೊತ್ತ. ಅಮೆರಿಕದ ತಾಣದಲ್ಲಿ ಆ ಹೆಜ್ಜೆ 5ರಿಂದ 24.99 ಡಾಲರ್‌ವರೆಗೆ 50 ಸೆಂಟು, 25ರಿಂದ 99.99ರವರೆಗೆ ಒಂದು ಡಾಲರ್, 100ರಿಂದ 249.99ರವರೆಗೆ ಎರಡೂವರೆ ಡಾಲರ್. ಎರಡನೆಯ ಬೆಲೆಗೆ ಮೊದಲಿಗರು ಒಯ್ಯುವ ಈ ಪದ್ಧತಿಯ ಗಣಿತವನ್ನು ವಿಲಿಯಂ ವಿಕ್ರಿ 1961ರಲ್ಲೇ ಬರೆದಿದ್ದರು. 1996ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಒಂದು ಲೆನ್ಸನ್ನೇ ಇಟ್ಟುಕೊಂಡು ನೋಡೋಣ. ಆಗುಂಬೆ ಕಡೆ ಕಪ್ಪೆ, ಹುಳ, ಅಣಬೆಗಳ ಬೆನ್ನುಬಿದ್ದ ಫೋಟೋಗ್ರಾಫರುಗಳಿಗೆ ನಿಕಾನ್‌ನ ಹಳೇ 55 ಮಿಮೀ ಎಫ್ 2.8 ಮೈಕ್ರೋ ನಿಕ್ಕೋರ್ ಪ್ರಿಯವಾದದ್ದು. ಕೈಯಲ್ಲೇ ಫೋಕಸ್ ಮಾಡಬೇಕು, ವಸ್ತುವಿನ ಅರ್ಧ ಗಾತ್ರದ ಬಿಂಬ ಮೂಡುವಷ್ಟು ಹತ್ತಿರ ಹೋಗುತ್ತದೆ. ಪಿಕೆ-13 ಎಂಬ 27.5 ಮಿಮೀ ರಿಂಗ್ ಸೇರಿಸಿದರೆ ಪೂರ್ಣ ಗಾತ್ರ. ಅದು ಹರಾಜಿಗೆ ಬಂದಿದೆ, ತೋರುವ ಬೆಲೆ 41 ಡಾಲರ್ ಎನ್ನಿ. ಮೂರು ದಿನದ ಹಿಂದೆ ಯಾರೋ 60 ಡಾಲರ್ ಮಿತಿ ಹಾಕಿ ಹೋಗಿದ್ದಾರೆ, ಅದು ಯಾರಿಗೂ ಕಾಣುತ್ತಿಲ್ಲ. ಕೊನೆಗೆ ಒಂಬತ್ತು ಸೆಕೆಂಡು ಇರುವಾಗ ನೀವು 67.61 ಹಾಕುತ್ತೀರಿ. ಬೆಲೆ 61ಕ್ಕೆ ಜಿಗಿಯುತ್ತದೆ, ಲೆನ್ಸು ನಿಮ್ಮದು, ಕೊಡಬೇಕಾದ್ದು 61. ಅವರ ಮಿತಿ 67 ಇದ್ದಿದ್ದರೆ? 67ಕ್ಕೆ ಒಂದು ಸೇರಿದರೆ 68, ಅದು ನಿಮ್ಮ ಮಿತಿಗಿಂತ ಹೆಚ್ಚು. ಹಾಗಾಗಿ ಪೂರ್ತಿ ಹೆಜ್ಜೆ ಸಿಗದಿದ್ದರೂ ನಿಮ್ಮ 67.61ಕ್ಕೇ ನಿಮಗೆ ಬರುತ್ತದೆ. ಅವರದ್ದು 70 ಇದ್ದರೆ 68.61ಕ್ಕೆ ಅವರಿಗೆ. ಅವರದ್ದೂ ಸರಿಯಾಗಿ 67.61 ಇದ್ದರೆ, ಮೊದಲು ಹಾಕಿದವರು ಅವರೇ ಆದ್ದರಿಂದ ಅವರಿಗೆ. 50, 60, 75 ಎಂಬ ದುಂಡು ಮೊತ್ತಗಳನ್ನು ಬಿಟ್ಟು ಚಿಲ್ಲರೆ ಸೇರಿಸಿ ಬರೆಯಿರಿ ಎನ್ನುವುದು ಇದಕ್ಕೇ. ಎಲ್ಲರ ಕೈಯೂ ಮೊದಲು ಹೋಗುವುದು ದುಂಡು ಮೊತ್ತಕ್ಕೆ. ಅರವತ್ತೊಂದು ಸೆಂಟಿನಿಂದ ಗೆದ್ದವರೂ ಇದ್ದಾರೆ, ಸೋತವರೂ ಇದ್ದಾರೆ.

ಗೆದ್ದವರು ಎರಡನೆಯವರ ಬೆಲೆಯನ್ನೇ ಕೊಡುವುದಾದರೆ, ಮೊದಲ ದಿನವೇ 67.61 ಹಾಕಿ ಮಲಗಬಹುದಲ್ಲ, ಕೊನೆಗೆ ಹಾಕಬೇಕೇಕೆ? ಲೆಕ್ಕದ ಪ್ರಕಾರ ಮಲಗಬಹುದು. ಆದರೆ ಎದುರಿರುವವರೆಲ್ಲ ಲೆಕ್ಕದ ಪ್ರಕಾರ ನಡೆಯುವವರಲ್ಲ. ಬಹಳ ಜನ ತಮ್ಮ ಮಿತಿ ಏನೆಂದು ಮೊದಲೇ ನಿರ್ಧರಿಸಿರುವುದಿಲ್ಲ. ನಿಮ್ಮನ್ನು ಹಿಂದಿಕ್ಕಿದ್ದಾರೆ ಎಂಬ ಮೆಸೇಜ್ ಬಂದ ಕೂಡಲೇ ಎರಡು ಡಾಲರ್ ಏರಿಸುತ್ತಾರೆ, ಸಾಲದಿದ್ದರೆ ಇನ್ನೆರಡು. ನಿಮ್ಮ 67.61 ಮೂರು ದಿನ ಅಲ್ಲಿ ಕೂತರೆ ಅಂಥವರೊಬ್ಬರು ಅದನ್ನು ಕೆರೆದು ಕೆರೆದು 66ರವರೆಗೆ ತಂದಿಟ್ಟು ಹೋಗುತ್ತಾರೆ, ಇಲ್ಲವೇ ದಾಟಿಯೇ ಹೋಗುತ್ತಾರೆ. ಒಂಬತ್ತು ಸೆಕೆಂಡಿನಲ್ಲಿ ಅವರಿಗೆ ಮೆಸೇಜ್ ನೋಡಲೂ ಹೊತ್ತು ಸಾಲದು.

ಎರಡನೆಯ ಕಾರಣ ತಿಳಿವಳಿಕೆಯದ್ದು. ಅಪರೂಪದ ಅಂಚೆಚೀಟಿಯನ್ನು ಮಾರುವವರು ಸರಿಯಾಗಿ ವಿವರಿಸದೆ ಹಾಕಿದ್ದಾರೆ, ನಿಮಗೆ ಅದರ ಬೆಲೆ ಗೊತ್ತು ಎಂದಾದರೆ ನಿಮ್ಮ ಬಿಡ್ಡೇ ಉಳಿದವರಿಗೆ ಸುಳಿವು. ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈಬೇಯ ಕಂಪ್ಯೂಟರ್ ಹರಾಜುಗಳಿಗಿಂತ ಪುರಾತನ ವಸ್ತುಗಳ ಹರಾಜಿನಲ್ಲಿ ತಡವಾದ ಬಿಡ್ಡುಗಳು ಹೆಚ್ಚು ಕಂಡುಬಂದವು. ಕಂಪ್ಯೂಟರಿನ ಬೆಲೆ ಅಂಗಡಿಯಲ್ಲಿ ಕೇಳಿದರೆ ತಿಳಿಯುತ್ತದೆ. ಹಳೇ ವಸ್ತುವಿನ ಬೆಲೆ ಬಲ್ಲವರ ತಲೆಯೊಳಗಿರುತ್ತದೆ. ಅದೇ ಅಧ್ಯಯನ ಆಗ ಅಮೆಜಾನ್ ನಡೆಸುತ್ತಿದ್ದ ಹರಾಜನ್ನೂ ಪಕ್ಕದಲ್ಲಿಟ್ಟು ನೋಡಿತು. ಅಲ್ಲಿ ಬಿಡ್ ಬಂದ ಮೇಲೆ ಹತ್ತು ನಿಮಿಷ ಸದ್ದಿಲ್ಲದೆ ಕಳೆದರಷ್ಟೇ ಹರಾಜು ಮುಗಿಯುತ್ತಿತ್ತು. ಅಲ್ಲಿ ಕೊನೇ ಗಳಿಗೆಯ ನೂಕುನುಗ್ಗಲು ಈಬೇಯಲ್ಲಿದ್ದಷ್ಟು ಇರಲಿಲ್ಲ.

ಮೂರನೆಯದ್ದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ, ಹೆಚ್ಚಿನವರು ಹೇಳುವುದೇ ಇಲ್ಲ. ಬಿಡ್ ಹಾಕದಿರುವವರೆಗೆ ನೀವು ಸ್ವತಂತ್ರರು. ಒಂದೇ ವಾರದಲ್ಲಿ ಅಂಥ ನಾಲ್ಕು ಲೆನ್ಸು ಹರಾಜಿಗಿದ್ದರೆ, ಶನಿವಾರ ಮುಗಿಯುವ ಲೆನ್ಸಿಗೆ ಮೊದಲೇ ಬಿಡ್ ಹಾಕಿ ಮುಂದಿರುವವರು ಸೋಮವಾರ ಮುಗಿಯುವ ಇನ್ನೂ ಚೆಂದದ್ದನ್ನು ಮುಟ್ಟಲಾರರು. ಮುಟ್ಟಿದರೆ ಎರಡೂ ತಲೆಗೆ ಬರಬಹುದು. ಈಬೇಯಲ್ಲಿ ಬಿಡ್ ಹಿಂದಕ್ಕೆ ತೆಗೆಯುವುದು ಮನಸ್ಸು ಬದಲಾದದ್ದಕ್ಕೆ ಇರುವ ಸೌಲಭ್ಯವಲ್ಲ. ಮೊತ್ತ ತಪ್ಪಾಗಿ ಟೈಪಾದರೆ, ವಸ್ತುವಿನ ವಿವರಣೆ ನಡುವೆ ಬದಲಾದರೆ, ಅಂಥ ಕೆಲವೇ ಕಾರಣಕ್ಕೆ ಅವಕಾಶ. ಹರಾಜಿಗೆ ಹನ್ನೆರಡು ಗಂಟೆಗಿಂತ ಕಡಿಮೆ ಉಳಿದಿದ್ದರೆ, ಹಾಕಿ ಒಂದು ಗಂಟೆಯೊಳಗಿನ ಕೊನೆಯ ಬಿಡ್ಡನ್ನು ಮಾತ್ರ ಹಿಂಪಡೆಯಬಹುದು. ಕೊನೇ ಹತ್ತು ಸೆಕೆಂಡಿನಲ್ಲಿ 67.61ರ ಚುಕ್ಕೆ ಬಿಟ್ಟುಹೋಗಿ 6761 ಆದರೆ ಹಿಂಪಡೆಯಲು ಹೊತ್ತೆಲ್ಲಿದೆ?

ಇಷ್ಟೆಲ್ಲ ನಿಂತಿರುವುದು ಆ ಒಂದು ಮೊತ್ತದ ಮೇಲೆ. ಅದನ್ನು ಎರಡು ದಿನ ಮೊದಲು, ತಣ್ಣಗಿರುವಾಗ, ಕಾಗದದ ಮೇಲೆ ಬರೆಯಬೇಕು. ಹುಡುಕಾಟದ ಫಿಲ್ಟರಿನಲ್ಲಿ 'ಸೋಲ್ಡ್ ಐಟಮ್ಸ್' ಆರಿಸಿದರೆ ಈಚೆಗೆ ನಿಜವಾಗಿ ಮಾರಾಟವಾದ ಬೆಲೆಗಳು ಸಿಗುತ್ತವೆ. ಮಾರುವವರು ಕೇಳುತ್ತಿರುವ ಬೆಲೆಗೆ ಮರುಳಾಗಬೇಡಿ. 150 ಕೇಳಿ ವರ್ಷಗಟ್ಟಲೆ ಮಾರದೆ ಕೂತ ಲೆನ್ಸುಗಳು ಬೇಕಾದಷ್ಟಿವೆ. ಮಾರಾಟವಾದವು 58, 66, 71, 74, 112 ಎಂದಿದ್ದರೆ 112ರ ಪುಟವನ್ನು ತೆರೆದು ನೋಡಿ. ಹೆಚ್ಚಿನ ಪಕ್ಷ ಅದರ ಜೊತೆ ರಿಂಗ್, ಡಬ್ಬಿ, ಮುಚ್ಚಳ ಎಲ್ಲ ಇರುತ್ತದೆ. ಅದನ್ನು ಬಿಟ್ಟು ಉಳಿದವುಗಳ ನಡುವಿನದ್ದನ್ನು ಹಿಡಿಯಿರಿ.

ವಸ್ತುವಿನ ರೋಗ ತಿಳಿದಿದ್ದರೆ ಮೊತ್ತ ಇನ್ನೂ ನಿಖರವಾಗುತ್ತದೆ. ಈ 55 ಮಿಮೀ ಲೆನ್ಸಿನ ಪ್ರಸಿದ್ಧ ಕಾಯಿಲೆ, ಒಳಗಿನ ಗ್ರೀಸು ಕಾಲಕ್ರಮೇಣ ಎಣ್ಣೆಬಿಟ್ಟು ಅಪರ್ಚರಿನ, ಅಂದರೆ ಬೆಳಕು ಒಳಬಿಡುವ ಕಿಂಡಿಯ, ಎಲೆಗಳ ಮೇಲೆ ಹರಡುವುದು. ಎಲೆಗಳು ಅಂಟಿಕೊಂಡು ನಿಧಾನ ಮುಚ್ಚುತ್ತವೆ, ಬೆಳಕು ಹೆಚ್ಚು ಬಿದ್ದು ಚಿತ್ರ ಬೆಳ್ಳಗಾಗುತ್ತದೆ. ಉಳಿದ ಗ್ರೀಸು ಗಟ್ಟಿಯಾಗಿ ಫೋಕಸ್ ರಿಂಗ್ ತಿರುಗುವುದೇ ಕಷ್ಟ. ಎಲೆಗಳನ್ನು ಮುಚ್ಚಿದ ಸ್ಥಿತಿಯ ಫೋಟೋ ಕಳಿಸಿ, ಫೋಕಸ್ ರಿಂಗ್ ಸಲೀಸಾಗಿ ತಿರುಗುತ್ತದೆಯೇ, ಒಳಗೆ ಫಂಗಸ್ ಇದೆಯೇ ಎಂದು ಹರಾಜಿಗೆ ಎರಡು ದಿನ ಮೊದಲೇ ಮಾರುವವರಿಗೆ ಬರೆದು ಕೇಳಿ. ಉತ್ತರ ಬಾರದಿದ್ದರೆ ಕಾಯಿಲೆ ಇದೆ ಎಂದೇ ಲೆಕ್ಕ ಹಾಕಿ. ಫಂಗಸ್ಸಿನ ಪ್ರಶ್ನೆ ಮಲೆನಾಡಿನವರಿಗಂತೂ ಬಿಡುವಂಥದ್ದಲ್ಲ. ಚೂರು ಬೀಜ ಇದ್ದರೂ ನಮ್ಮ ಆಷಾಢದ ತೇವಕ್ಕೆ ಗಾಜಿನ ತುಂಬ ಬಲೆ ಹೆಣೆದುಬಿಡುತ್ತದೆ.

ಲೆಕ್ಕ ಹೀಗೆ. ಲೆನ್ಸು ತೀರ್ಥಹಳ್ಳಿಯ ಮನೆಬಾಗಿಲಿಗೆ ಬರುವಷ್ಟರಲ್ಲಿ ಒಟ್ಟು 14,000 ರೂಪಾಯಿ ದಾಟಬಾರದು ಎನ್ನಿ. ಸರ್ವಿಸಿಗೆ 2,000 ತೆಗೆದಿಟ್ಟರೆ ಉಳಿದದ್ದು 12,000. ಅಂಚೆ ವೆಚ್ಚ 25 ಡಾಲರ್, ಡಾಲರಿಗೆ 90 ರೂಪಾಯಿ, ವಸ್ತುವಿನ ಬೆಲೆಯೂ ಅಂಚೆಯೂ ಸೇರಿದ ಮೊತ್ತದ ಮೇಲೆ ಕಸ್ಟಮ್ಸ್ ಸುಂಕ ಮತ್ತು ಜಿಎಸ್‌ಟಿ ಕೂಡಿ ಶೇ. 40, ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಶೇ. 4 ಎಂದು ಹಿಡಿಯೋಣ. ಇಲ್ಲಿಗೆ ಒಂದು ಡಾಲರ್ ಬೀಳುವುದು 90ಕ್ಕಲ್ಲ, 129 ರೂಪಾಯಿ 60 ಪೈಸೆಗೆ. 12,000ವನ್ನು 129.60ರಿಂದ ಭಾಗಿಸಿದರೆ 92.59 ಡಾಲರ್, ಅಂಚೆಯ 25 ಕಳೆದರೆ 67.59. ಎರಡು ಸೆಂಟು ಸೇರಿಸಿದರೆ ಮೇಲಿನ ಉದಾಹರಣೆಯ 67.61. ಸುಂಕದ ಶೇ. 40 ಇಲ್ಲಿ ಲೆಕ್ಕ ತೋರಿಸಲು ಹಿಡಿದದ್ದು ಮಾತ್ರ. ವೈಯಕ್ತಿಕ ಬಳಕೆಯ ಆಮದಿನ ದರವನ್ನು ಬಜೆಟ್ಟುಗಳಲ್ಲಿ ಮತ್ತೆ ಮತ್ತೆ ಬದಲಿಸಿದ್ದಾರೆ, ಹಳೇ ವಸ್ತುಗಳ ಆಮದಿಗೆ ಪ್ರತ್ಯೇಕ ನಿಯಮಗಳೂ ಇವೆ. ದುಬಾರಿ ವಸ್ತುವಾದರೆ ಆ ತಿಂಗಳ ದರವನ್ನೂ ನಿಯಮವನ್ನೂ ನೋಡಿಕೊಂಡೇ ಮೊತ್ತ ಬರೆಯಿರಿ.

ಮೊತ್ತ ಬರೆದ ಮೇಲೆ ಅದನ್ನು ಕೊನೇ ನಿಮಿಷದಲ್ಲಿ ತಿದ್ದಬಾರದು. ಇದು ನೀತಿಪಾಠವಲ್ಲ, ಇದಕ್ಕೂ ಲೆಕ್ಕವಿದೆ. 1971ರಲ್ಲಿ ಅಮೆರಿಕದ ಒಂದು ತೈಲ ಕಂಪನಿಯ ಮೂವರು ಎಂಜಿನಿಯರುಗಳು ಸಮುದ್ರದ ತೈಲಕ್ಷೇತ್ರಗಳ ಗುತ್ತಿಗೆ ಹರಾಜನ್ನು ನೋಡಿ ಬರೆದದ್ದು ಇದನ್ನೇ: ಒಂದೇ ವಸ್ತುವಿಗೆ ಹಲವರು ಬೆಲೆಕಟ್ಟಿದಾಗ ಗೆಲ್ಲುವವರು ಸಾಮಾನ್ಯವಾಗಿ ನಿಜ ಬೆಲೆಗಿಂತ ಅತಿ ಹೆಚ್ಚಿಗೆ ಬೆಲೆಕಟ್ಟಿದವರೇ. ಹತ್ತು ಜನ ಬಿಡ್ ಹಾಕುತ್ತಿರುವ ವಸ್ತುವಿಗೆ ಇಬ್ಬರಿರುವಾಗಿನದ್ದಕ್ಕಿಂತ ಚೂರು ಕಡಿಮೆಯೇ ಹಾಕುವುದು ಜಾಣತನ. ಕೈ ಮಾತ್ರ ಉಲ್ಟಾ ಹೋಗುತ್ತದೆ.

ಹಿಂದಿನ ದಿನದ ಕೆಲಸಗಳು ನೀರಸ, ಆದರೆ ಹೊಸಬರು ಸೋಲುವುದು ಬಹುಪಾಲು ಇಲ್ಲೇ. ಮಾರುವವರು ಭಾರತಕ್ಕೆ ಕಳಿಸುತ್ತಾರೆಯೇ ಎಂಬುದನ್ನು ಶಿಪ್ಪಿಂಗ್ ಸಾಲಿನಲ್ಲಿ ನೋಡಿ. ಕಳಿಸದ ದೇಶದವರ ಬಿಡ್ಡನ್ನು ಯಂತ್ರ ತಡೆಯುತ್ತದೆ, ಅದು ಗೊತ್ತಾಗುವುದು ಬಿಡ್ ಹಾಕುವಾಗ, ಅಂದರೆ ಸ್ನೈಪ್ ಮಾಡುವವರಿಗೆ ಕೊನೇ ಹತ್ತು ಸೆಕೆಂಡಿನಲ್ಲಿ. ಹೊಸ ಖಾತೆಗಳಿಗೆ ಕೆಲವು ಮಾರಾಟಗಾರರು ಮಿತಿ ಹಾಕಿರುತ್ತಾರೆ. ಅನುಮಾನವಿದ್ದರೆ ಎರಡು ದಿನ ಮೊದಲು ಕನಿಷ್ಠ ಮೊತ್ತದ ಒಂದು ಬಿಡ್ ಹಾಕಿ ಖಾತೆ ದಾಟುತ್ತದೆಯೇ ಎಂದು ನೋಡಬಹುದು. ಪಳಗಿದವರು ಇದನ್ನು ಒಪ್ಪುವುದಿಲ್ಲ, ನಿಮ್ಮ ಆಸಕ್ತಿ ಬಯಲಾಗುತ್ತದೆ ಎನ್ನುತ್ತಾರೆ. ಮೊದಲ ಒಂದೆರಡು ಖರೀದಿಗೆ ಆ ನಷ್ಟವನ್ನು ತಡೆದುಕೊಳ್ಳುವುದೇ ಮೇಲು. ಇದರಲ್ಲೊಂದು ಲಾಭವೂ ಉಂಟು. 'ಬೈ ಇಟ್ ನೌ' ಬೆಲೆಯೂ ಇರುವ ಹರಾಜಿನಲ್ಲಿ ಮೊದಲ ಬಿಡ್ ಬಿದ್ದ ಮೇಲೆ ಸಾಮಾನ್ಯವಾಗಿ ಆ ಬಟನ್ ಮಾಯವಾಗುತ್ತದೆ, ಬೇರೆಯವರು ನೇರವಾಗಿ ಕೊಂಡು ಹೋಗುವಂತಿಲ್ಲ. ಕಾರ್ಡಿನ ಕಥೆ ಇನ್ನೊಂದು. 2020ರ ಮಾರ್ಚಿನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ, ಅಂಗಡಿಗಳಿಗೆ ಮಾತ್ರ ತೆರೆದಿರುತ್ತವೆ. ವಿದೇಶಿ ಆನ್‌ಲೈನ್ ಪಾವತಿಯನ್ನು ಬ್ಯಾಂಕಿನ ಆ್ಯಪಿನಲ್ಲಿ ನೀವೇ ಆನ್ ಮಾಡಿ ಮಿತಿ ಇಡಬೇಕು. ಗೆದ್ದ ಮೇಲೆ ನಾಲ್ಕು ದಿನದೊಳಗೆ ಹಣ ಕಟ್ಟದಿದ್ದರೆ ಮಾರುವವರು ವ್ಯವಹಾರ ರದ್ದುಮಾಡಬಹುದು, ಖಾತೆಯ ಮೇಲೆ ಕಪ್ಪುಚುಕ್ಕೆ ಉಳಿಯುತ್ತದೆ.

ಹೊತ್ತಿನ ಲೆಕ್ಕ ತಪ್ಪುವುದು ಇನ್ನೊಂದು ಮಾಮೂಲಿ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಭಾನುವಾರ ಸಂಜೆ ಆರಕ್ಕೆ ಮುಗಿಯುವ ಹರಾಜು ಅವರ ಬೇಸಿಗೆಯಲ್ಲಿ ನಮಗೆ ಸೋಮವಾರ ಬೆಳಿಗ್ಗೆ ಆರೂವರೆ. ಅವರ ಚಳಿಗಾಲದಲ್ಲಿ ಏಳೂವರೆ. ಬ್ರಿಟನ್ನಿನಲ್ಲಿ ಭಾನುವಾರ ರಾತ್ರಿ ಎಂಟಕ್ಕೆ ಮುಗಿಯುವುದು ನಮಗೆ ನಡುರಾತ್ರಿ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಅಮೆರಿಕದವರು ಗಡಿಯಾರ ತಿರುಗಿಸುವುದು ಮಾರ್ಚಿನ ಎರಡನೇ ಭಾನುವಾರ ಮತ್ತು ನವೆಂಬರಿನ ಮೊದಲ ಭಾನುವಾರ. ಬ್ರಿಟನ್ನಿನವರು ಮಾರ್ಚ್ ಮತ್ತು ಅಕ್ಟೋಬರಿನ ಕೊನೇ ಭಾನುವಾರ. ಆ ವಾರಗಳಲ್ಲಿ ಅಲಾರಂ ಇಟ್ಟು ಎದ್ದರೂ ಹರಾಜು ಮುಗಿದಿರಬಹುದು. ಅಮೆರಿಕದವರ ಭಾನುವಾರ ಸಂಜೆ ಎಂದರೆ ನಮಗೆ ಹಾಲು ಕರೆಯುವ ಹೊತ್ತು, ಎದ್ದೇ ಇರುತ್ತೇವೆ ಬಿಡಿ.

ಈಗ ಕೊನೇ ಐದು ನಿಮಿಷ. ಮೊಬೈಲಿಗಿಂತ ಕಂಪ್ಯೂಟರ್ ಒಳ್ಳೆಯದು. ಮೊದಲು ಲಾಗಿನ್ ಆಗಿದ್ದೀರಾ ನೋಡಿ. ಹಳೇ ಲಾಗಿನ್ ಅವಧಿ ಮುಗಿದು ಕೊನೇ ಕ್ಲಿಕ್ಕಿಗೆ ಪಾಸ್‌ವರ್ಡ್, ಒಟಿಪಿ ಕೇಳಿದರೆ ಕೆಲಸ ಕೆಟ್ಟಿತು. ಒಂದೇ ವಸ್ತುವಿನ ಪುಟವನ್ನು ಎರಡು ಟ್ಯಾಬಿನಲ್ಲಿ ತೆರೆಯಿರಿ. ಒಂದರಲ್ಲಿ ಬೆಲೆ ಮತ್ತು ಎಣಿಕೆ ನೋಡುವುದು. ಪುಟದ ಮೇಲಿನ ಎಣಿಕೆ ಹಿಂದೆ ಬೀಳುವುದುಂಟು, ಎರಡು ನಿಮಿಷ ಇರುವಾಗ ಒಮ್ಮೆ ರಿಫ್ರೆಶ್ ಮಾಡಿ. ಇನ್ನೊಂದರಲ್ಲಿ ಒಂದು ನಿಮಿಷ ಇರುವಾಗ 67.61 ಟೈಪ್ ಮಾಡಿ, ಚುಕ್ಕೆ ಇದೆಯೇ ಎಂದು ಓದಿ, 'ಪ್ಲೇಸ್ ಬಿಡ್' ಒತ್ತಿ ಖಚಿತಪಡಿಸುವ ಪುಟಕ್ಕೆ ಬಂದು ನಿಲ್ಲಿ. 'ಕನ್ಫರ್ಮ್' ಬಟನ್ ಮೇಲೆ ಕರ್ಸರ್ ಇಟ್ಟು ಮೊದಲ ಟ್ಯಾಬಿನ ಎಣಿಕೆ ಹತ್ತಕ್ಕೆ ಬಂದಾಗ ಒತ್ತಿ. ಆ ಹೊತ್ತಿಗೆ ತೋರುವ ಬೆಲೆಗೆ ಒಂದು ಹೆಜ್ಜೆ ಸೇರಿದ್ದಕ್ಕಿಂತ ನಿಮ್ಮ ಮೊತ್ತ ಕಡಿಮೆಯಾಗಿದ್ದರೆ ಯಂತ್ರ ತಿರಸ್ಕರಿಸುತ್ತದೆ. ಹೆಚ್ಚು ಹಾಕಿ ಎಂದು ಕೇಳುತ್ತದೆ, ಹಾಕಬೇಡಿ.

ಹತ್ತೇ ಯಾಕೆ, ಎರಡು ಸೆಕೆಂಡು ಇರುವಾಗ ಏಕೆ ಬೇಡ? ಹತ್ತು ಸೆಕೆಂಡಿನಲ್ಲಿ ಎದುರಿನವರು ಮೊತ್ತ ಯೋಚಿಸಿ, ಟೈಪ್ ಮಾಡಿ, ಎರಡು ಬಟನ್ ಒತ್ತಿ ಮುಗಿಸುವುದು ಕಷ್ಟ. ಹತ್ತರಿಂದ ಮೂರಕ್ಕೆ ಇಳಿದರೆ ಸಿಗುವ ಲಾಭ ಚೂರು, ಕೈತಪ್ಪುವ ಭಯ ದೊಡ್ಡದು. ಇಲ್ಲಿಂದ ಅಮೆರಿಕಕ್ಕೆ ಸಂದೇಶ ಹೋಗಿಬರಲು ಒಳ್ಳೇ ಫೈಬರಿನಲ್ಲಿ ಕಾಲು ಸೆಕೆಂಡಿನ ಆಸುಪಾಸು ಸಾಕು. ಗುಡ್ಡದ ಮರೆಯ ಮನೆಯಲ್ಲಿ, ಒಂದು ಕಡ್ಡಿ ಸಿಗ್ನಲ್ ಇರುವ ಮೊಬೈಲಿನಲ್ಲಿ, ಅದೇ ಪುಟ ನಾಲ್ಕೈದು ಸೆಕೆಂಡು ಸುತ್ತುತ್ತಾ ನಿಲ್ಲುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ಹೊಸನಗರ, ಸಾಗರದ ಒಳಹಳ್ಳಿಗಳಲ್ಲಿ ದಿನನಿತ್ಯದ್ದು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದರೆ ಸಾಲದು, ರೌಟರಿಗೂ ಬೇಕು. ರೌಟರಿಗೆಂದೇ ಸಿಗುವ 12 ವೋಲ್ಟಿನ ಚಿಕ್ಕ ಯುಪಿಎಸ್ ಸಾಕು. ಮೊಬೈಲಿನ ಹಾಟ್‌ಸ್ಪಾಟನ್ನು ಮೊದಲೇ ಜೋಡಿಸಿ ನೋಡಿಟ್ಟಿರಿ. ಅಷ್ಟೂ ನಂಬಿಕೆಯಿಲ್ಲದ ಜಾಗವಾದರೆ ಮೂವತ್ತು ಸೆಕೆಂಡಿಗೇ ಹಾಕಿಬಿಡಿ, ಮೊತ್ತ ಸರಿಯಿದ್ದರೆ ದೊಡ್ಡ ನಷ್ಟವಿಲ್ಲ.

ನಿಮ್ಮ ಬದಲು ಬಿಡ್ ಹಾಕುವ ಸೇವೆಗಳೂ ಇವೆ, ಗಿಕ್ಸೆನ್ ಅಂಥದ್ದೊಂದು. ವಸ್ತುವಿನ ಸಂಖ್ಯೆ, ಮೊತ್ತ ಕೊಟ್ಟರೆ ಕೊನೇ ಸೆಕೆಂಡುಗಳಲ್ಲಿ ಅವರ ಸರ್ವರ್ ಬಿಡ್ ಹಾಕುತ್ತದೆ. ನಮ್ಮೂರಿನ ಕರೆಂಟಿನ ಹಂಗಿಲ್ಲ, ರಾತ್ರಿ ಒಂದೂವರೆಗೆ ಏಳಬೇಕಿಲ್ಲ, ಕೊನೇ ಗಳಿಗೆಯ ಹುಮ್ಮಸ್ಸಿಗೆ ಮೊತ್ತ ಏರಿಸುವ ಚಾಳಿಯೂ ತಪ್ಪುತ್ತದೆ. ಆದರೆ ಈಬೇ ಖಾತೆಯ ಕೀಲಿಯನ್ನು ಮೂರನೆಯವರ ಕೈಗೆ ಕೊಡಬೇಕು. ಅದೇ ಪಾಸ್‌ವರ್ಡ್ ಬೇರೆಲ್ಲೂ ಬಳಸುತ್ತಿಲ್ಲ ಎಂದಾದರೆ, ತಾಣದ ಆ ಹೊತ್ತಿನ ನಿಯಮ ಒಪ್ಪುತ್ತದೆ ಎಂದಾದರೆ ಯೋಚಿಸಬಹುದು. ಹೊಸಬರು ಮೊದಲು ಕೈಯಾರೆ ನಾಲ್ಕಾರು ಸಣ್ಣ ವಸ್ತು, ಒಂದೆರಡು ಡಾಲರಿನ ಅಂಚೆಚೀಟಿಯೋ ಪೋಸ್ಟ್‌ಕಾರ್ಡೋ, ಕೊಂಡು ಪುಟಗಳ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.

ಕೂತು ಕಾಯುವ ಹೊತ್ತಿನಲ್ಲಿ ಬಿಡ್ ಇತಿಹಾಸ ಓದಿ. ಹೆಸರುಗಳು ಚುಕ್ಕಿಗಳಿಂದ ಮುಚ್ಚಿದ್ದರೂ ನಡೆ ಮುಚ್ಚಿರುವುದಿಲ್ಲ. ಒಬ್ಬರೇ ಐದು ನಿಮಿಷದಲ್ಲಿ ಎಂಟು ಬಿಡ್ ಹಾಕಿದ್ದರೆ ಅವರು ಮೊದಲೇ ಹೇಳಿದ ಕೆರೆಯುವ ಜಾತಿ. ಇಂಥವರೆದುರು ಸ್ನೈಪಿಂಗ್ ಚೆನ್ನಾಗಿ ಫಲಿಸುತ್ತದೆ. ಫೀಡ್‌ಬ್ಯಾಕ್ ಸೊನ್ನೆ, ಈ ಮಾರಾಟಗಾರರ ವಸ್ತುಗಳಿಗೇ ಶೇ. 100 ಬಿಡ್, ಯಾವುದನ್ನೂ ಗೆದ್ದದ್ದಿಲ್ಲ ಎಂದಿದ್ದರೆ ಅದು ಬೆಲೆ ಏರಿಸಲೆಂದೇ ಮಾರುವವರು ಕೂರಿಸಿದ ತಮ್ಮವರಿರಬಹುದು. ನಿಯಮದ ಪ್ರಕಾರ ಅದು ನಿಷಿದ್ಧ, ಆದರೂ ನಡೆಯುತ್ತದೆ. ಕೊನೇ ಹತ್ತು ಸೆಕೆಂಡಿನವರೆಗೆ ನಿಮ್ಮ ಮಿತಿ ಅಲ್ಲಿಲ್ಲದಿದ್ದರೆ ಅವರಿಗೆ ತಡವಿ ನೋಡಲು ಏನೂ ಇರುವುದಿಲ್ಲ.

ಇದೇ ವಿದ್ಯೆಯನ್ನು ಇಲ್ಲಿನ ಇ-ಹರಾಜಿಗೆ ಒಯ್ದರೆ ಕೆಲಸಕ್ಕೆ ಬಾರದು. ಬ್ಯಾಂಕುಗಳು ಸಾಲಗಾರರ ಮನೆ, ಸೈಟುಗಳನ್ನು ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಡಿ ಮಾರುವ ಹರಾಜುಗಳಲ್ಲಿ, ಸರ್ಕಾರಿ ಗುಜರಿಯ ಇ-ಹರಾಜುಗಳಲ್ಲಿ ಕೊನೆಯ ಕೆಲ ನಿಮಿಷದೊಳಗೆ ಬಿಡ್ ಬಿದ್ದರೆ ಮುಕ್ತಾಯದ ಹೊತ್ತು ತಾನಾಗಿ ಮುಂದಕ್ಕೆ ಹೋಗುತ್ತದೆ. ಎಷ್ಟು ನಿಮಿಷ, ಎಷ್ಟು ಸಲ ಎಂಬುದು ಮಾರಾಟದ ನೋಟಿಸಿನಲ್ಲಿರುತ್ತದೆ. ಐದು ಅಥವಾ ಹತ್ತು ನಿಮಿಷ ಸಾಮಾನ್ಯ. ಜಪಾನಿನ ಯಾಹೂ ಹರಾಜಿನಲ್ಲೂ ಮಾರುವವರು ಆರಿಸಿಕೊಂಡಿದ್ದರೆ ಐದೈದು ನಿಮಿಷ ಬೆಳೆಯುತ್ತದೆ. ಇದು ದೇವಸ್ಥಾನದ ಸವಾಲೇ. ಇಲ್ಲಿ ಕೊನೇ ಸೆಕೆಂಡಿಗೆ ಹಾರಿದರೂ ಎದುರಿನವರಿಗೆ ಪೂರ್ತಿ ಐದು ನಿಮಿಷ ಸಿಗುತ್ತದೆ. ಬೇಕಾದ್ದು ಹೊತ್ತು ಮೀರಿಯೂ ಕೂರುವ ತಾಳ್ಮೆ, ಅಷ್ಟು ಹೊತ್ತು ಬಾಳುವ ಬ್ಯಾಟರಿ, ಬರೆದಿಟ್ಟ ಅದೇ ಮೊತ್ತ. ಈ ಹರಾಜುಗಳಲ್ಲಿ ಸಾಮಾನ್ಯವಾಗಿ ನೀವು ಹಾಕಿದ ಬೆಲೆಯನ್ನೇ ಕೊಡಬೇಕು, ಎರಡನೆಯವರ ಬೆಲೆಯನ್ನಲ್ಲ. ಒಂದು ಸೊನ್ನೆ ಹೆಚ್ಚು ಟೈಪಾದರೆ ಚೇಷ್ಟೆಯಲ್ಲ: ಬ್ಯಾಂಕ್ ಹರಾಜಿನಲ್ಲಿ ಗೆದ್ದವರು ಠೇವಣಿಯೂ ಸೇರಿ ಶೇ. 25ನ್ನು ಅದೇ ದಿನ ಅಥವಾ ಮರುದಿನದ ಕೆಲಸದ ಹೊತ್ತಿಗೆ, ಉಳಿದದ್ದನ್ನು ಮಾರಾಟ ಖಚಿತವಾದ ಹದಿನೈದು ದಿನದೊಳಗೆ ಕಟ್ಟಬೇಕು. ತಪ್ಪಿದರೆ ಕಟ್ಟಿದ್ದು ಮುಟ್ಟುಗೋಲು. ಆಸ್ತಿಯನ್ನು ಇದ್ದಲ್ಲಿ ಇದ್ದಂತೆ ಮಾರುವುದರಿಂದ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ, ಖಾತೆ ನೋಡಿ, ಮನೆಯಲ್ಲಿ ಯಾರು ವಾಸವಿದ್ದಾರೆಂದು ಹೋಗಿ ಕಂಡು ಬಂದ ಮೇಲೆಯೇ ಠೇವಣಿಯ ಮಾತು.

ಪ್ರತಿ ಬಿಡ್ಡಿಗೂ ಶುಲ್ಕ ತೆಗೆದುಕೊಂಡು, ಪ್ರತಿ ಬಿಡ್ಡಿಗೂ ಗಡಿಯಾರ ಮುಂದೂಡುವ ತಾಣಗಳೂ ಆಗಾಗ ತಲೆಯೆತ್ತುತ್ತವೆ. ನೂರು ರೂಪಾಯಿಗೆ ಐಫೋನ್ ಎಂದು ಬರುವ ಜಾಹೀರಾತು ಅವರದ್ದು. ಫೋನ್ ಒಬ್ಬರಿಗೆ, ಸೋತ ಎಲ್ಲರ ಶುಲ್ಕ ತಾಣಕ್ಕೆ. ಅತ್ತ ತಲೆ ಹಾಕಬೇಡಿ.

ಈಬೇಯಲ್ಲಿ ಸೋತವರಿಗೆ ಒಮ್ಮೊಮ್ಮೆ ಹರಾಜು ಮುಗಿದ ಒಂದೆರಡು ದಿನಕ್ಕೆ 'ಸೆಕೆಂಡ್ ಚಾನ್ಸ್ ಆಫರ್' ಬರುತ್ತದೆ: ಗೆದ್ದವರು ಹಣ ಕಟ್ಟಲಿಲ್ಲ, ನೀವು ಹಾಕಿದ್ದ ಮಿತಿಗೇ ಕೊಡುತ್ತೇವೆ, ಬೇಕೇ ಎಂದು. ಮೊದಲು ಅದು ಈಬೇಯ ಒಳಗಿನ ಮೆಸೇಜ್ ಪೆಟ್ಟಿಗೆಯಲ್ಲೂ ಇದೆಯೇ ನೋಡಿ. ಬರಿ ಇಮೇಲಿನಲ್ಲಿ ಬಂದು ಬೇರೆಡೆ ಹಣ ಕಳಿಸಿ ಎಂದರೆ ಅದು ಮೋಸ. ನಿಜವಾದದ್ದೇ ಆದರೂ ಕೂಡಲೇ ಒಪ್ಪಬೇಡಿ. ಗೆದ್ದವರ ಬಿಡ್ ಇತಿಹಾಸ ತೆರೆದು, ಅವರು ಮಾರಾಟಗಾರರ ಕಡೆಯವರಂತೆ ಕಾಣುತ್ತಾರೆಯೇ ನೋಡಿ. ಅವರಿರದಿದ್ದರೆ ಹರಾಜು ಎಷ್ಟಕ್ಕೆ ನಿಲ್ಲುತ್ತಿತ್ತು ಎಂದು ಮೂರನೆಯವರ ಬಿಡ್ ನೋಡಿ ಲೆಕ್ಕ ಹಾಕಿ. 52ಕ್ಕೆ ನಿಲ್ಲಬೇಕಿದ್ದ ಲೆನ್ಸಿಗೆ ಈಗ ನಿಮ್ಮಿಂದ 67.61 ಕೇಳುತ್ತಿದ್ದಾರೆ ಎಂದಾದರೆ ಆ ಆಫರನ್ನು ಬಿಟ್ಟು ಮುಂದಿನ ವಾರದ ಹರಾಜಿಗೆ ಅಲಾರಂ ಇಡಬಹುದು.